ಮಿಸ್ ಎನಿಡ್ ಜೊತೆ ಮಾವಿನ ಸುಗ್ಗಿಗೆ

ಲಂಡನ್ನಿನ ಅಂಚಿನ ಹೇಸ್‌ನಲ್ಲಿ ನಾವಿದ್ದ ಮನೆ ಉದ್ದನೆಯ ಸಾಲುಮನೆಗಳಲ್ಲಿ ಒಂದು. ಎಡಬಲಕ್ಕೆ ಗೋಡೆ ಹಂಚಿಕೊಂಡ ಮನೆಗಳು, ಮುಂದೆ ಕಸದ ಡಬ್ಬಿ ಇಡುವಷ್ಟು ಜಾಗ, ಹಿಂದೆ ಪಟ್ಟಿಯ ಹಾಗೆ ಒಂದು ಕಿರಿದಾದ ತೋಟ. ಕೆಳಗಿನ ಕೋಣೆಗಳು ಮನೆಯ ಒಡತಿ ಮಿಸ್ ಎನಿಡ್ ಅವರವು, ಮೇಲಿನ ಎರಡು ಕೋಣೆ ಬಾಡಿಗೆಗೆ ನಮ್ಮವು. ಬಚ್ಚಲು ಮೇಲೆ, ಅಡುಗೆಮನೆ ಕೆಳಗೆ. ಹಾಗಾಗಿ ಅವರು ಸ್ನಾನಕ್ಕೆ ಮೇಲೆ ಬರಬೇಕಿತ್ತು, ನಾವು ಊಟಕ್ಕೆ ಕೆಳಗೆ ಇಳಿಯಬೇಕಿತ್ತು. ಮೆಟ್ಟಿಲಿನ ಮೇಲೆ ಎದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಂತು ಇನ್ನೊಬ್ಬರಿಗೆ ದಾರಿ ಬಿಡುವುದು ರೂಢಿ. ಮಿಸ್ ಎನಿಡ್ ಜಮೈಕಾದವರು. ಹರೆಯದಲ್ಲೇ ಇಲ್ಲಿಗೆ ಬಂದು, ಶಾಲೆಯೊಂದರ ಅಡುಗೆಮನೆಯಲ್ಲಿ ಇಡೀ ಜೀವಮಾನ ದುಡಿದು ನಿವೃತ್ತರಾಗಿದ್ದರು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಅವರ ಮುಂದಿನ ಕೋಣೆಯಲ್ಲಿ ಸೋಫಾಗೆ ಪ್ಲಾಸ್ಟಿಕ್ ಹೊದಿಕೆ, ಗಾಜಿನ ಬೀರುವಿನಲ್ಲಿ ಯಾರೂ ಎಂದೂ ಬಳಸದ ಕಪ್ಪುಬಸಿಗಳು, ಗೋಡೆಯ ಮೇಲೆ ಏಸುವಿನ ಪಟ. ಆ ಕೋಣೆಗೆ ನನಗೆ ಪ್ರವೇಶವಿರಲಿಲ್ಲ. ಬಾಗಿಲು ತೆರೆದಿದ್ದಾಗ ಹಾದುಹೋಗುತ್ತ ಇಣುಕುತ್ತಿದ್ದೆ, ಅಷ್ಟೆ.

ಅಪ್ಪ ಅವ್ವ ಇಬ್ಬರೂ ಧಾರವಾಡದ ಕಡೆಯವರು. ಅಪ್ಪ ವಿಮಾನ ನಿಲ್ದಾಣದ ಹತ್ತಿರದ ಗೋದಾಮಿನಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದ. ಅವ್ವ ವಿಮಾನಗಳಿಗೆ ಊಟ ಕಟ್ಟಿ ಕಳಿಸುವ ದೊಡ್ಡ ಅಡುಗೆಮನೆಯಲ್ಲಿ ತಲೆಗೆ ಜಾಲರಿ ಟೋಪಿ ಹಾಕಿಕೊಂಡು ದಿನವಿಡೀ ನಿಂತಿರುತ್ತಿದ್ದಳು. ಮನೆಗೆ ಬಂದರೆ ಮತ್ತೆ ಒಲೆಯ ಮುಂದೆ. ನಾವು ಲಿಂಗಾಯತರು, ಮೊಟ್ಟೆಯನ್ನೂ ಮುಟ್ಟದವರು. ಮಿಸ್ ಎನಿಡ್‌ಗೆ ಉಪ್ಪುಮೀನು ಇಲ್ಲದೆ ಭಾನುವಾರದ ಬೆಳಗು ಆಗುತ್ತಿರಲಿಲ್ಲ. ನಾವು ಆ ಮನೆಗೆ ಬಂದ ಮೊದಲ ಚಳಿಗಾಲದಲ್ಲಿ ಈ ಬಗ್ಗೆ ಒಂದು ಜಗಳ ನಡೆಯಿತಂತೆ. ಜಗಳವೆಂದರೆ ಒಂದೂ ಮಾತಿಲ್ಲದ ಜಗಳ. ಮೀನು ಬೇಯುವಾಗ ಅವ್ವ ಬಂದು ಕಿಟಕಿ ತೆರೆಯುವುದು, ಮಿಸ್ ಎನಿಡ್ ಬಂದು ಮುಚ್ಚುವುದು, ಅವ್ವ ಮತ್ತೆ ತೆರೆಯುವುದು. ಕೊನೆಗೊಂದು ಭಾನುವಾರ ಮಿಸ್ ಎನಿಡ್ ಕೋಟು, ಮಫ್ಲರು, ಚರ್ಚಿಗೆ ಹಾಕಿಕೊಳ್ಳುವ ಟೋಪಿ ಎಲ್ಲ ಧರಿಸಿಕೊಂಡು ಒಲೆಯ ಮುಂದೆ ನಿಂತು ಅಡುಗೆ ಮಾಡಿದರಂತೆ, ಕಿಟಕಿ ತೆರೆದೇ ಇತ್ತಂತೆ. ಅದನ್ನು ಕಂಡು ಅವ್ವನಿಗೆ ನಾಚಿಕೆಯಾಯಿತು. ಆಮೇಲೆ ಭಾನುವಾರ ಹನ್ನೊಂದರವರೆಗೆ ಅಡುಗೆಮನೆ ಅವರದು, ಅಲ್ಲಿಂದಾಚೆ ನಮ್ಮದು ಎಂದು ತಾನಾಗಿಯೇ ನಿಗದಿಯಾಯಿತು. ಪಾತ್ರೆಗಳ ಕಪಾಟು ಬೇರೆ, ಸೌಟು ಬೇರೆ, ಒರೆಸುವ ಬಟ್ಟೆ ಬೇರೆ. ಎಂಟು ವರ್ಷ ಹೀಗೇ ನಡೆದುಕೊಂಡು ಬಂತು. ಇಬ್ಬರ ನಡುವೆ ಸ್ನೇಹವಿತ್ತು ಎನ್ನಲಾರೆ. ಆದರೆ ತಪ್ಪು ನಡೆಯೂ ಇರಲಿಲ್ಲ.

ಮಾವಿನ ಹಣ್ಣಿನ ವಿಷಯದಲ್ಲಿ ಮಾತ್ರ ಇಬ್ಬರೂ ಸೋಲುತ್ತಿರಲಿಲ್ಲ. ಮೇ ತಿಂಗಳಲ್ಲಿ ಅಪ್ಪ ರೇನರ್ಸ್ ಲೇನ್‌ನ ಅಂಗಡಿಯಿಂದ ಒಂದು ಬಾಕ್ಸ್ ಆಪೂಸು ತರುತ್ತಿದ್ದ. ಅವ್ವ ಒಂದೊಂದನ್ನೂ ತೊಟ್ಟಿನ ಹತ್ತಿರ ಮೂಸಿ ನೋಡಿ, ಎರಡನ್ನು ತಟ್ಟೆಯಲ್ಲಿಟ್ಟು ಮಿಸ್ ಎನಿಡ್‌ಗೆ ಕೊಟ್ಟು ಬಾ ಎಂದು ನನ್ನನ್ನು ಕಳಿಸುತ್ತಿದ್ದಳು. ಮಾರನೆಯ ದಿನ ತಟ್ಟೆ ಕೇಕಿನ ತುಂಡಿನ ಜೊತೆಗೆ ವಾಪಸು ಬರುತ್ತಿತ್ತು. ಹಣ್ಣು ಹೇಗಿತ್ತು ಎಂದು ಕೇಳಿದರೆ, ರುಚಿಯಾಗಿಯೇ ಇತ್ತು, ಆದರೆ ಪೆಟ್ಟಿಗೆಯಿಂದ ತೆಗೆದು ತಿನ್ನುವುದಕ್ಕೂ ಮರದ ಕೆಳಗೆ ನಿಂತು ತಿನ್ನುವುದಕ್ಕೂ ವ್ಯತ್ಯಾಸವಿದೆ, ನಮ್ಮೂರಿನ ಹಣ್ಣು ತಿಂದರೆ ನಿನಗೆ ತಿಳಿಯುತ್ತದೆ ಎನ್ನುತ್ತಿದ್ದರು. ಇದನ್ನು ನಾನು ಮೇಲೆ ಬಂದು ಹೇಳಿದರೆ ಅವ್ವ ಮುಖ ಬಿಗಿದುಕೊಂಡು, ಆಪೂಸಿನ ಮುಂದೆ ಯಾವ ಹಣ್ಣು ನಿಂತೀತು ಎಂದು ಅಪ್ಪನ ಕಡೆ ನೋಡುತ್ತಿದ್ದಳು. ಪ್ರತಿ ವರ್ಷವೂ ಇದೇ ನಡೆಯುತ್ತಿತ್ತು.

ಇದನ್ನೆಲ್ಲ ನಾನು ಹೇಳುತ್ತಿದ್ದುದು ಇಂಗ್ಲಿಷಿನಲ್ಲಿ. ಅವ್ವ ಕನ್ನಡದಲ್ಲಿ ಕೇಳುವುದು, ನಾನು ಇಂಗ್ಲಿಷಿನಲ್ಲಿ ಉತ್ತರಿಸುವುದು, ಇದು ನಾನು ಶಾಲೆಗೆ ಸೇರಿದ ಮೇಲೆ ಶುರುವಾದದ್ದು. ಮನೆಯ ಮಾತೆಲ್ಲ ನನಗೆ ಅರ್ಥವಾಗುತ್ತಿತ್ತು, ಆದರೆ ನಾಲಿಗೆಗೆ ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎನ್ನುವುದಕ್ಕಿಂತ ತರುತ್ತಿರಲಿಲ್ಲ ಎನ್ನಬೇಕು. ಅಪ್ಪನಿಗೆ ಅದರಿಂದ ಬೇಸರವಿರಲಿಲ್ಲ, ಮಗಳು ಇಂಗ್ಲಿಷ್ ಚೆನ್ನಾಗಿ ಆಡುತ್ತಾಳೆಂದು ಒಳಗೊಳಗೇ ಹೆಮ್ಮೆ. ಅವ್ವ ಕೆಲವು ಸಲ ಗದರಿದಳು, ಆಮೇಲೆ ಬಿಟ್ಟಳು. ಕೆಲಸದಲ್ಲಿ ಮೇಲ್ವಿಚಾರಕಿಯ ಇಂಗ್ಲಿಷ್, ಮನೆಯಲ್ಲಿ ಮಗಳ ಇಂಗ್ಲಿಷ್. ದಿನವಿಡೀ ಬೇರೆಯವರ ಮಾತನ್ನು ಕೇಳುತ್ತ ಅವಳಿಗೆ ಎಷ್ಟು ದಣಿವಾಗಿರಬೇಕೆಂದು ಈಗ ಯೋಚಿಸುತ್ತೇನೆ. ಆಗ ಯೋಚಿಸಲಿಲ್ಲ.

ನನಗೆ ಒಂಬತ್ತು ವರ್ಷವಾದಾಗ ಅವ್ವ ಮತ್ತೆ ಬಸುರಿಯಾದಳು. ನನ್ನ ನಂತರ ಎಷ್ಟೋ ವರ್ಷ ಕಾದು ಆದ ಬಸಿರು. ಅಪ್ಪ ಒಂದು ಹಳೆಯ ತೊಟ್ಟಿಲು ಮಂಚ ತಂದು ಬಿಳಿ ಬಣ್ಣ ಹಚ್ಚಿ ನನ್ನ ಕೋಣೆಯ ಮೂಲೆಯಲ್ಲಿಟ್ಟ. ಆರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಅವ್ವನಿಗೆ ರಕ್ತ ಕಾಣಿಸಿಕೊಂಡಿತು. ಆಸ್ಪತ್ರೆಯಲ್ಲಿ ನೋಡಿದವರು ಹೆರಿಗೆಯವರೆಗೆ ಅಲ್ಲೇ ಮಲಗಿರಬೇಕು, ಎದ್ದು ಓಡಾಡುವ ಹಾಗಿಲ್ಲ ಎಂದರು. ಅಪ್ಪನಿಗೆ ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ರಜೆ ಕೇಳಿದರೆ ಕೆಲಸವೇ ಹೋಗುವ ಭಯ. ನಮಗಿದ್ದ ಒಂದೇ ಆಪ್ತ ಕುಟುಂಬ, ರೇನರ್ಸ್ ಲೇನ್‌ನ ಪಾಟೀಲ ಮಾಮಾ ಅವರದು. ಮಾಮಾ ಇಲ್ಲೇ ಇರುತ್ತಿದ್ದರು, ಆದರೆ ಅತ್ತೆ ಮಕ್ಕಳನ್ನು ಕರೆದುಕೊಂಡು ಬೇಸಿಗೆ ಕಳೆಯಲು ಊರಿಗೆ ಹೋಗುವವರಿದ್ದರು. ನನ್ನನ್ನು ಎಲ್ಲಿ ಬಿಡುವುದು ಎಂಬ ಪ್ರಶ್ನೆ ಬಂತು. ಒಂದು ಸಂಜೆ ಅಪ್ಪ ನನ್ನನ್ನು ಆಸ್ಪತ್ರೆಗೆ ಕರೆದೊಯ್ದಾಗ ಅಲ್ಲಿ ಮಿಸ್ ಎನಿಡ್ ಅವ್ವನ ಮಂಚದ ಪಕ್ಕದಲ್ಲಿ, ಟೋಪಿ ತೆಗೆಯದೆ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರು ಪ್ರತಿ ವರ್ಷ ಜುಲೈಯಲ್ಲಿ ಜಮೈಕಾಕ್ಕೆ, ತಮ್ಮ ಅಕ್ಕನ ಮನೆಗೆ ಹೋಗುತ್ತಿದ್ದರು. ಈ ಸಲ ನೀಲಾಳನ್ನೂ, ಅಂದರೆ ನನ್ನನ್ನೂ, ಕರೆದೊಯ್ಯುತ್ತೇನೆ ಎಂದು ಅವ್ವನಿಗೆ ಹೇಳಿ ಮುಗಿಸಿದ್ದರು. ಅವರು ಹೋದ ಮೇಲೆ ಅಪ್ಪ ಕುರ್ಚಿ ಎಳೆದುಕೊಂಡು ದನಿ ತಗ್ಗಿಸಿದ.

"ಅಷ್ಟ ದೂರ, ಗುರ್ತಿಲ್ಲದ ಊರಾಗ, ಕೂಸಿಗೆ ಏನೇನ್ ತಿನ್ನಸ್ತಾರೋ ಏನೋ."

ಅವ್ವ ದಿಂಬಿನ ಮೇಲೆ ಅವನ ಕಡೆ ತಲೆ ತಿರುಗಿಸಿದಳು.

"ಎಂಟ ವರ್ಷ ಆಕಿ ಕೂಡ ಒಂದ ಒಲಿ ಮ್ಯಾಲ ಅಡಿಗಿ ಮಾಡೀನ್ರಿ. ಒಂದಿನಾನೂ ಆಕಿ ತನ್ನ ಸೌಟ ನನ್ನ ಪಾತ್ರಿಗೆ ಹಚ್ಚಿಲ್ಲ. ಕಳಸ್ರಿ."

ಅಪ್ಪ ಶಾಲೆಗೆ ಒಂದು ಪತ್ರ ಬರೆದ, ವಿಮಾನದವರಿಗೆ ತೋರಿಸಲು ಇನ್ನೊಂದು ಬರೆದ. ಬೇಸಿಗೆ ರಜೆ ಶುರುವಾಗಲು ಇನ್ನೂ ಹದಿನೈದು ದಿನವಿರುವಾಗಲೇ ನಾನು ಮಿಸ್ ಎನಿಡ್ ಜೊತೆ ಹೊರಟೆ. ಕಿಂಗ್‌ಸ್ಟನ್‌ನಲ್ಲಿ ಇಳಿದು, ಬೆಟ್ಟದ ದಾರಿಯಲ್ಲಿ ಬಾಡಿಗೆ ಕಾರು ಸುತ್ತಿ ಸುತ್ತಿ ಹೋಗುವಾಗ ಎರಡು ಸಲ ವಾಂತಿ ಮಾಡಿಕೊಂಡೆ. ಮಿಸ್ ಎನಿಡ್ ಎರಡೂ ಸಲ ಕಾರು ನಿಲ್ಲಿಸಿ, ತಮ್ಮ ಚರ್ಚಿನ ಕರವಸ್ತ್ರದಿಂದ ನನ್ನ ಬಾಯಿ ಒರೆಸಿದರು. ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲಿರಬೇಕು.

ಅವರ ಅಕ್ಕನ ಹೆಸರು ಡೆಲ್. ಎಪ್ಪತ್ತು ದಾಟಿದ ಎತ್ತರದ ಹೆಂಗಸು, ಮೊಣಕಾಲು ನೋವಿನಿಂದ ಒಂದು ಕಡೆ ವಾಲಿ ನಡೆಯುತ್ತಿದ್ದರು. ಮನೆ ಚಿಕ್ಕದು, ತಗಡಿನ ಮಾಡು, ಮುಂದೆ ಒಂದು ಜಗಲಿ. ಆದರೆ ಹಿತ್ತಿಲು ದೊಡ್ಡದು, ಅಲ್ಲಿ ಏಳು ಮಾವಿನ ಮರಗಳಿದ್ದವು. ಮೊದಲನೆಯ ಬೆಳಿಗ್ಗೆ ನನಗೆ ಎಚ್ಚರವಾದದ್ದು ಮಾಡಿನ ಮೇಲೆ ಏನೋ ಧಡ್ ಎಂದು ಬಿದ್ದ ಸದ್ದಿಗೆ. ಅದು ಉರುಳುತ್ತ ಉರುಳುತ್ತ ಬಂದು ಅಂಗಳಕ್ಕೆ ಬಿತ್ತು. ಹೆದರಿ ಹೊರಗೆ ಬಂದರೆ ಡೆಲ್ ಅಜ್ಜಿ ಎನಾಮಲ್ ಬೋಗುಣಿ ಹಿಡಿದುಕೊಂಡು ರಾತ್ರಿ ಬಿದ್ದ ಹಣ್ಣುಗಳನ್ನು ಆಯುತ್ತಿದ್ದರು. ಬೋಗುಣಿಗೆ ನೀರು ತುಂಬಿ ಹಣ್ಣು ಮುಳುಗಿಸಿ ಮರದ ಬುಡದಲ್ಲಿಟ್ಟು, ನನಗೊಂದು ಮಣೆ ಹಾಕಿ, ತಿನ್ನು ಎಂದರು. ತಟ್ಟೆ ಇಲ್ಲ, ಚಾಕು ಇಲ್ಲ. ನಾನು ಹಣ್ಣು ಹಿಡಿದುಕೊಂಡು ಅವರ ಮುಖ ನೋಡುತ್ತ ಕೂತೆ. ನಮ್ಮ ಮನೆಯಲ್ಲಿ ಅವ್ವ ಹಣ್ಣು ಹೆಚ್ಚಿ, ಎಣಿಸಿ, ಬಟ್ಟಲಿಗೆ ಹಾಕಿ ಕೊಡುತ್ತಿದ್ದಳು. ಅಲ್ಲಿಗೆ ಪಕ್ಕದ ಮನೆಯ ಹುಡುಗಿ ಮಾರ್ವಾ ಬಂದಳು, ನನ್ನದೇ ವಯಸ್ಸು. ಹಣ್ಣನ್ನು ಅಂಗೈಗಳ ನಡುವೆ ಉರುಳಿಸಿ ಮೆತ್ತಗೆ ಮಾಡಿ, ತುದಿಯನ್ನು ಹಲ್ಲಿನಿಂದ ಕಚ್ಚಿ ಉಗುಳಿ, ಹಿಂಡುತ್ತ ಹೀರುವುದನ್ನು ತೋರಿಸಿಕೊಟ್ಟಳು. ರಸ ಮೊಣಕೈವರೆಗೆ ಇಳಿಯಿತು. ಬೈಯುವವರು ಯಾರೂ ಇರಲಿಲ್ಲ.

ಆಮೇಲಿನ ದಿನಗಳನ್ನು ನಾನು ಹಣ್ಣುಗಳ ಲೆಕ್ಕದಲ್ಲೇ ನೆನಪಿಟ್ಟುಕೊಂಡಿದ್ದೇನೆ. ನಾರು ನಾರಿನ ಸಣ್ಣ ಹಣ್ಣಿಗೆ ಅಲ್ಲಿ ಹೇರಿ, ಅಂದರೆ ಕೂದಲಿನದು, ಎಂದು ಹೆಸರು. ಅದನ್ನು ತಿಂದರೆ ಹಲ್ಲಿನ ಸಂದಿನಿಂದ ನಾರು ಕೀಳುವುದೇ ಒಂದು ತಾಸಿನ ಕೆಲಸ, ಆದರೆ ಅದರಷ್ಟು ಸಿಹಿ ಇನ್ನೊಂದಿಲ್ಲ. ಜೂಲಿ ಎಂಬುದು ಚಪ್ಪಟೆ, ಒಂದು ಎಳೆ ನಾರಿಲ್ಲ, ಮುದುಕರು ಇಷ್ಟಪಡುವಂಥದ್ದು. ನಂಬರ್ ಇಲೆವೆನ್ ಎಂದು ಒಂದು. ಮಿಕ್ಕ ಹತ್ತು ಎಲ್ಲಿ ಎಂದು ನಾನು ಕೇಳಿದ್ದಕ್ಕೆ ಡೆಲ್ ಅಜ್ಜಿ ಹುಡುಕಿ ನೋಡು ಎಂದು ನನ್ನನ್ನು ಇಡೀ ಹಿತ್ತಿಲು ಸುತ್ತಿಸಿದರು. ಈಸ್ಟ್ ಇಂಡಿಯನ್ ಎಂಬುದು ದೊಡ್ಡದು, ಒಳಗೆ ಕುಂಕುಮದಂಥ ಬಣ್ಣ. ಎಲ್ಲಕ್ಕಿಂತ ಮೇಲಿನದು ಬಾಂಬೆ. ಅದಕ್ಕೆ ಮಾತ್ರ ಚಾಕು ಬರುತ್ತಿತ್ತು. ನಡುವಿಗೆ ಸುತ್ತ ಗೆರೆ ಹಾಕಿ, ಎರಡು ಕೈಯಲ್ಲಿ ಹಿಡಿದು ತಿರುವಿದರೆ ಗೊರಟೆ ಒಂದು ಕಡೆಗೆ ಬಿಟ್ಟುಕೊಂಡು ಎರಡು ಬಟ್ಟಲಾಗುತ್ತಿತ್ತು. ನಿಮ್ಮ ದೇಶದಿಂದಲೇ ಬಂದದ್ದು, ನಿನ್ನ ಹಾಗೆ, ಎಂದು ಮಿಸ್ ಎನಿಡ್ ಹೇಳಿದರು. ನಾನು ಬಂದದ್ದು ಹೇಸ್‌ನಿಂದ ಎಂದೆ. ಅಕ್ಕ ತಂಗಿಯರಿಬ್ಬರೂ ನಕ್ಕರು.

ಆ ಊರಿನಲ್ಲಿ ಆ ದಿನಗಳಲ್ಲಿ ರಾತ್ರಿ ಯಾರ ಮನೆಯಲ್ಲೂ ಹೆಚ್ಚು ಅಡುಗೆ ಮಾಡುತ್ತಿರಲಿಲ್ಲ. ಮಾಡಿದರೂ ಮಕ್ಕಳು ಉಣ್ಣುತ್ತಿರಲಿಲ್ಲ. ನನಗಾಗಿ ಮಾತ್ರ ಮಿಸ್ ಎನಿಡ್ ಬೇರೆ ಪಾತ್ರೆ ಇಟ್ಟಿದ್ದರು. ಲಂಡನ್ನಿನಿಂದಲೇ ಹೊಸದೊಂದನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದಿದ್ದರು. ಅದರಲ್ಲಿ ಸೊಪ್ಪು, ತೆಂಗಿನ ಹಾಲಿನ ಅನ್ನ. ಅಕ್ಕ ಮರೆತು ಮೀನಿನ ಸೌಟನ್ನು ಅದಕ್ಕೆ ಹಾಕಲು ಹೋದಾಗ ಅವರು ಕೈ ತಡೆದು, ಈ ಮಗುವಿನ ತಾಯಿಗೆ ನಾನು ಉತ್ತರ ಕೊಡಬೇಕು ಎಂದದ್ದನ್ನು ನಾನು ಕೇಳಿಸಿಕೊಂಡೆ. ಹಗಲೆಲ್ಲ ನಾನು, ಮಾರ್ವಾ ಮರ ಹತ್ತುವುದು, ಹೊಳೆಗೆ ಹಣ್ಣು ಕಟ್ಟಿಕೊಂಡು ಹೋಗಿ ಸೊಂಟದವರೆಗೆ ನೀರಿನಲ್ಲಿ ನಿಂತು ತಿನ್ನುವುದು, ಅಲ್ಲೇ ಮೈ ತೊಳೆದುಕೊಳ್ಳುವುದು. ಡೆಲ್ ಅಜ್ಜಿಗೂ ಮಾರ್ವಾಳ ಅಜ್ಜ ಮಿಸ್ಟರ್ ಬರ್ಟಿಗೂ ಬೇಲಿ ದಾಟಿದ ಒಂದು ಕೊಂಬೆಯ ಬಗ್ಗೆ ದಿನಾ ಬೆಳಿಗ್ಗೆ ಜಗಳ. ಮರ ನನ್ನದು ಎಂದು ಇವರು, ನೆಲ ನನ್ನದು ಎಂದು ಅವರು. ಸಂಜೆ ಮಿಸ್ಟರ್ ಬರ್ಟಿಯೇ ಆ ಕೊಂಬೆಯಿಂದ ಬಿದ್ದ ಹಣ್ಣು ಬುಟ್ಟಿಯಲ್ಲಿ ತಂದು ಜಗಲಿಯ ಮೇಲಿಟ್ಟು ಕೂತು ಹರಟುತ್ತಿದ್ದರು. ಮೊದಲ ವಾರ ನನ್ನ ಬಾಯಿಯ ಸುತ್ತ ಉರಿ ಎದ್ದು ಗುಳ್ಳೆಗಳಾದವು. ಡೆಲ್ ಅಜ್ಜಿ ಲೋಳೆಸರ ಕೊಯ್ದು ಹಚ್ಚಿ, ಎರಡು ದಿನ ಹಣ್ಣು ಮುಟ್ಟಬೇಡ ಎಂದರು. ನಾನು ಒಂದು ದಿನ ತಡೆದೆ.

ಅಪ್ಪ ಪ್ರತಿ ಭಾನುವಾರ ಫೋನು ಮಾಡುತ್ತಿದ್ದ. ಅವ್ವ ಆಸ್ಪತ್ರೆಯಲ್ಲಿದ್ದುದರಿಂದ ಅವಳ ದನಿ ಕೇಳಲು ಆಗುತ್ತಿರಲಿಲ್ಲ. ಚೆನ್ನಾಗಿದ್ದೀಯಾ, ಊಟ ಮಾಡುತ್ತೀಯಾ ಎಂದು ಅವನು, ಯೆಸ್ ಯೆಸ್ ಎಂದು ನಾನು. ನಾಲ್ಕನೆಯ ಭಾನುವಾರ ಫೋನು ಬಂದಾಗ ನಾನು ಮರದ ಮೇಲಿದ್ದೆ. ಕರೆದಾಗ ಕೈಯಲ್ಲಿದ್ದ ಹಣ್ಣು ಬಿಡದೆ ಓಡಿಬಂದೆ. ಅಪ್ಪ ಏನೂ ಕೇಳಲಿಲ್ಲ, ಮಿಸ್ ಎನಿಡ್‌ಗೆ ಕೊಡು ಎಂದ. ಅವರು ಗೋಡೆಗೆ ಮುಖ ಮಾಡಿ ನಿಂತು ಕೇಳಿಸಿಕೊಂಡರು. ಫೋನು ಇಟ್ಟರು. ನಾನು ಏನಾಯಿತು ಎಂದು ಕೇಳಿದೆ. ಮಿಸ್ ಎನಿಡ್ ನನಗೆ ಎಂದೂ ಸುಳ್ಳು ಹೇಳಿದವರಲ್ಲ, ಅವತ್ತೂ ಹೇಳಲಿಲ್ಲ.

"ನಿನ್ನ ಅಮ್ಮ ಬದುಕಿದ್ದಾಳೆ, ಮನೆಗೆ ಬರುತ್ತಾಳೆ. ಉಳಿದದ್ದು ಅವಳು ಹೇಳಬೇಕಾದದ್ದು, ಅವಳೇ ಹೇಳಲಿ."

ಬೇರೆ ಮಗುವಾಗಿದ್ದರೆ ಆ ಮಾತಿನ ಒಳಗನ್ನು ಹಿಡಿಯುತ್ತಿತ್ತೇನೋ. ನನಗೆ ಅವ್ವ ಬದುಕಿದ್ದಾಳೆ ಎನ್ನುವುದು ವಿಚಿತ್ರವಾಗಿ ಕೇಳಿಸಿತು, ಅಷ್ಟೆ. ಬದುಕಿರದೆ ಏನು ಎಂದುಕೊಂಡೆ. ಮಾರ್ವಾ ಹೊರಗೆ ಕಾಯುತ್ತಿದ್ದಳು. ನಾನು ಹೋದೆ. ಇನ್ನೂ ಹನ್ನೆರಡು ದಿನ ನಾವು ಅಲ್ಲಿದ್ದೆವು, ಆ ಹನ್ನೆರಡು ದಿನವೂ ನಾನು ಅಷ್ಟೇ ಖುಷಿಯಾಗಿದ್ದೆ. ಮಿಸ್ ಎನಿಡ್ ಮಾತ್ರ ಸಂಜೆ ಹೊತ್ತು ನನ್ನ ತಲೆ ಬಾಚಿ ಜಡೆ ಹೆಣೆಯಲು ಮೊದಲಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದರು. ಮರದ ಕೊನೆಯ ಬಾಂಬೆ ಹಣ್ಣುಗಳನ್ನು ಮೂರು ದಿನ ಒಂದೊಂದಾಗಿ ನನಗೇ ಕೊಟ್ಟರು, ಅಕ್ಕ ತಂಗಿ ಇಬ್ಬರೂ ತಿನ್ನಲಿಲ್ಲ.

ಹೇಸ್‌ಗೆ ಬಂದಾಗ ಅವ್ವ ಮೇಲಿನ ಕೋಣೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹೊಟ್ಟೆ ಇರಲಿಲ್ಲ. ನನ್ನ ಕೋಣೆಯ ಮೂಲೆ ಖಾಲಿಯಾಗಿತ್ತು, ತೊಟ್ಟಿಲು ಮಂಚ ಇದ್ದ ಕಡೆ ಕಾರ್ಪೆಟ್ಟಿನ ಮೇಲೆ ನಾಲ್ಕು ಗುಳಿಗಳು. ಅಪ್ಪ ಮೆಟ್ಟಿಲ ಮೇಲೆ ಕೂತು ನನಗೆ ವಿಷಯ ಹೇಳಿದ. ನನಗೆ ತಮ್ಮ ಹುಟ್ಟಿದ್ದ, ಆದರೆ ಹುಟ್ಟುವಾಗಲೇ ಜೀವ ಇರಲಿಲ್ಲ. ಅಪ್ಪ, ಪಾಟೀಲ ಮಾಮಾ ಇಬ್ಬರೇ ಹೋಗಿ ಸ್ಮಶಾನದಲ್ಲಿ ಮಕ್ಕಳಿಗೆಂದೇ ಇರುವ ಒಂದು ಮೂಲೆಯಲ್ಲಿ ಮಣ್ಣು ಮಾಡಿ ಬಂದಿದ್ದರು. ಯಾವತ್ತು ಎಂದು ಕೇಳಿದೆ. ಹುಟ್ಟಿದ್ದು ತಾನು ಮಿಸ್ ಎನಿಡ್‌ಗೆ ಫೋನು ಕೊಡು ಎಂದ ಆ ಭಾನುವಾರದ ಬೆಳಗಿನಲ್ಲಿ ಎಂದು ಅಪ್ಪ ಹೇಳಿದ. ಆ ದಿನ ನಾನು ಎಲ್ಲಿದ್ದೆ, ಏನು ಮಾಡುತ್ತಿದ್ದೆ ಎಂಬುದು ನನಗೆ ಆ ಕ್ಷಣದಲ್ಲೇ ಕಣ್ಣಿಗೆ ಕಟ್ಟಿತು. ನನ್ನ ಜೀವನದ ಅತ್ಯಂತ ಸಂತೋಷದ ತಿಂಗಳನ್ನು ನಾನು ಆಗತಾನೇ ಕಳೆದು ಬಂದಿದ್ದೆ, ಅದನ್ನು ಎಲ್ಲಿ ಬಚ್ಚಿಡಬೇಕೆಂದು ತಿಳಿಯಲಿಲ್ಲ. ಹೇಗಿತ್ತು ಎಂದು ಅಪ್ಪ ಕೇಳಿದ್ದಕ್ಕೆ, ಇಟ್ ವಾಸ್ ಓಕೆ, ಎಂದು ಹೇಳಿ ಪೆಟ್ಟಿಗೆ ಬಿಚ್ಚಲು ಹೋದೆ.

ಮನೆ ತುಂಬ ಸದ್ದಿಲ್ಲದೆ ನಡೆಯುತ್ತಿತ್ತು. ಅಪ್ಪ ಗಂಟು ಗಂಟಾದ ಉಪ್ಪಿಟ್ಟು ಮಾಡಿಟ್ಟು ಕೆಲಸಕ್ಕೆ ಹೋಗುತ್ತಿದ್ದ. ಅವ್ವ ಎರಡು ಚಮಚ ತಿಂದು ತಟ್ಟೆ ಸರಿಸುತ್ತಿದ್ದಳು. ನಾವು ಬಂದ ಮೂರನೆಯ ದಿನ ಮಿಸ್ ಎನಿಡ್ ಮೆಟ್ಟಿಲು ಹತ್ತಿ ಬಂದು, ಬಚ್ಚಲಿನ ಕಡೆ ತಿರುಗದೆ, ನಮ್ಮ ಕೋಣೆಯ ಬಾಗಿಲು ತಟ್ಟಿದರು. ಒಳಗೆ ಬಂದು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತರು. ಏನೂ ಹೇಳಲಿಲ್ಲ, ಏನೂ ತಂದಿರಲಿಲ್ಲ. ಅರ್ಧ ತಾಸು ಕೂತು ಎದ್ದು ಹೋದರು. ಮರುದಿನವೂ ಬಂದರು. ಹಾಗೆ ಎಷ್ಟೋ ದಿನ ಬಂದರು. ಮೊದಮೊದಲು ಅವ್ವ ಗೋಡೆಯ ಕಡೆಗೇ ಮಲಗಿರುತ್ತಿದ್ದಳು. ಆಮೇಲೊಂದು ದಿನ ಈ ಕಡೆ ತಿರುಗಿ ಮಲಗಿದ್ದನ್ನು ನೋಡಿದೆ. ಆ ದಿನ ಹೋಗುವಾಗ ಮಿಸ್ ಎನಿಡ್, ಮಗಳು ಚೆನ್ನಾಗಿ ನಡೆದುಕೊಂಡಳು, ಅವಳಿಗೆ ಹೇಳುವುದು ಬಹಳ ಇದೆ, ಕೇಳು, ಎಂದು ಅವ್ವನಿಗೆ ಹೇಳಿ ಹೋದರು.

ಅವ್ವ ನನ್ನನ್ನು ಕರೆದು ಮಂಚದ ಮೇಲೆ ಕೂರಿಸಿಕೊಂಡಳು.

"ಅಲ್ಲಿ ಮಾವಿನಹಣ್ಣು ಹೆಂಗಿದ್ವು?"

ನೈಸ್, ಎಂದೆ.

"ನೈಸ್ ಅಂದ್ರ? ಕನ್ನಡದಾಗ ಹೇಳ ನೀಲವ್ವ. ನನಗ ಇಂಗ್ಲಿಷ್ ಕೇಳಾಕ ಆಗವಲ್ದು."

ಆಸ್ಪತ್ರೆಯಲ್ಲಿ ಅವಳಿಗೆ ಎಲ್ಲವನ್ನೂ ಹೇಳಿದ್ದು ಇಂಗ್ಲಿಷಿನಲ್ಲಿ ಎಂಬುದು ನನಗೆ ಆಗ ಹೊಳೆಯಲಿಲ್ಲ. ಅವಳ ಮುಖ ನೋಡಿ, ಇಲ್ಲ ಎನ್ನಲು ಆಗಲಿಲ್ಲ. ಹಣ್ಣು ಸಣ್ಣದಿತ್ತು ಎಂದು ಶುರುಮಾಡಿದೆ. ಒಳಗೆ ಕೂದಲು ಇದ್ದವು ಎಂದೆ. ಅದಕ್ಕೆ ನಾರು ಅಂತಾರೆ ಎಂದಳು. ಕಚ್ಚಿದರೆ ಬಾಯಿ ಉರಿಯುವ ನೀರು ಬರುತ್ತದೆ ಎಂದೆ. ಸೊನೆ ಎಂದಳು. ಒಳಗಿನ ಕಲ್ಲು ಎಂದೆ. ಗೊರಟೆ ಎಂದಳು. ಒಂದು ಹಣ್ಣಿನ ಕತೆ ಹೇಳಿ ಮುಗಿಸಲು ಆ ದಿನ ನನಗೆ ಒಂದು ತಾಸು ಹಿಡಿಯಿತು, ಮೈ ಬೆವೆತಿತ್ತು. ನಾಳೆ ಇನ್ನೊಂದರದು ಹೇಳು ಎಂದಳು. ಹಣ್ಣುಗಳು, ಮರ ಹತ್ತಿದ್ದು, ಹೊಳೆ, ಹೀಗೆ ದಿನಕ್ಕೊಂದರಂತೆ ಹೇಳುತ್ತ ಹೋದೆ. ಮಾತು ಸಿಗದ ಕಡೆ ಕೈಯಲ್ಲಿ ಮಾಡಿ ತೋರಿಸಿದೆ, ಅವಳು ಮಾತು ಕೊಟ್ಟಳು. ಹೇರಿ ಹಣ್ಣಿನ ವಿಷಯ ಕೇಳಿ, ಇದು ನಮ್ಮ ಊರಿನ ನಾಟಿ ಮಾವಿನ ಹಾಗೇ ಆಯಿತಲ್ಲ, ಚಿಕ್ಕವಳಿದ್ದಾಗ ನಾವು ಅದನ್ನು ಹೀಗೇ ಹೀರುತ್ತಿದ್ದೆವು ಎಂದಳು. ಕುಂಕುಮ ಬಣ್ಣದ ಈಸ್ಟ್ ಇಂಡಿಯನ್ ಬಗ್ಗೆ, ಅದರ ಶೀಕರಣಿ ಮಾಡಿದ್ದರೆ ಹೇಗಿರುತ್ತಿತ್ತೋ ಎಂದು ಯೋಚಿಸಿದಳು. ನಂಬರ್ ಇಲೆವೆನ್ ಕೇಳಿ ನಾನು ಉಳಿದ ಹತ್ತನ್ನು ಹುಡುಕಲು ಹಿತ್ತಿಲು ಸುತ್ತಿದ್ದನ್ನು ಹೇಳಿದ ದಿನ ಅವಳು ನಕ್ಕಳು. ಸಣ್ಣ ನಗು. ಕೆಳಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅಪ್ಪನಿಗೆ ಕೇಳಿಸಿರಬೇಕು, ನಲ್ಲಿ ನಿಂತಿತು.

ನಾನು ಹೇಳದೆ ಬಿಟ್ಟಿದ್ದದ್ದು ಒಂದೇ. ಶಾಲೆ ಶುರುವಾಗುವ ಹಿಂದಿನ ವಾರ, ಹೇಳಲು ಬೇರೇನೂ ಉಳಿಯದಿದ್ದಾಗ, ಅದು ಹೊರಗೆ ಬಂತು.

"ಅವ್ವಾ, ಆ ಸಂಡೇ... ಆ ರವಿವಾರ, ಅಪ್ಪ ಫೋನ್ ಮಾಡಿದಾಗ, ನಾ ಮರದ ಮ್ಯಾಲ ಇದ್ದೆ. ಹಣ್ಣ ತಿಂತಿದ್ದೆ. ಆಮ್ಯಾಲ ಮತ್ತ ತಿಂದೆ. ನಾ ಬಾಳ... ಬಾಳ ಚೊಲೋ ಇದ್ದೆ."

ಖುಷಿ ಎಂಬ ಮಾತು ನನಗೆ ಸಿಕ್ಕಿರಲಿಲ್ಲ. ಅವಳಿಗೆ ಅರ್ಥವಾಯಿತು. ನಾನು ಅಳುತ್ತಿದ್ದೆ. ಅವಳು ಸೀರೆಯ ಸೆರಗಿನಿಂದ ನನ್ನ ಮೂಗು ಒರೆಸಿದಳು, ಅವಸರವಿಲ್ಲದೆ.

"ಚೊಲೋ ಆತು ಬಿಡ. ಅವತ್ತ ನಮ್ಮ ಮನ್ಯಾಗ ಯಾರರ ಒಬ್ರು ನಗತಿದ್ರಲ್ಲ. ನಾ ಅಲ್ಲಿ ಮಲಗಿದಾಗ ಅದನ್ನ ನೆನಸ್ತಿದ್ದೆ, ನೀ ಗಿಡದ ಕೆಳಗ ಆಡಾತಿರಬೇಕು ಅಂತ. ನೀ ಇಲ್ಲಿ ಇದ್ದಿದ್ರ ನಾ ಏನ ನೆನಸ್ಲಿ?"

ಆ ಮಾತನ್ನು ನಾನು ಮುಂದೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸಂತೋಷವಾಗಿರುವುದು ಯಾರಿಗೂ ಮಾಡುವ ದ್ರೋಹವಲ್ಲ ಎಂದು ನನಗೆ ಹೇಳಿಕೊಟ್ಟವಳು ದುಃಖದಲ್ಲಿ ಮುಳುಗಿದ್ದ ಹೆಂಗಸು. ಈಗ ಕೆಲವರು, ಲಂಡನ್ನಿನಲ್ಲೇ ಹುಟ್ಟಿದವಳು ನೀನು ಕನ್ನಡ ಎಲ್ಲಿ ಕಲಿತೆ ಎಂದು ಕೇಳುತ್ತಾರೆ. ಹೇಸ್‌ನಲ್ಲಿ, ಒಂದು ಮಂಚದ ಮೇಲೆ, ಆಗಸ್ಟ್ ತಿಂಗಳ ಹದಿನೈದು ಮಧ್ಯಾಹ್ನಗಳಲ್ಲಿ ಎಂದರೆ ಯಾರೂ ನಂಬುವುದಿಲ್ಲ. ಅದಕ್ಕೆ ಮನೆಯಲ್ಲಿ ಎಂದಷ್ಟೇ ಹೇಳುತ್ತೇನೆ.

ನನ್ನ ಅಳು ನಿಂತ ಮೇಲೆ ಅವ್ವ ದಿಂಬು ಸರಿಮಾಡಿಕೊಂಡು ಎದ್ದು ಕೂತಳು.

"ಈಗ ನಾ ಹೇಳ್ತೀನಿ, ನೀ ಕೇಳು."

ಹೇಳಿದಳು. ಅವನ ತಲೆತುಂಬ ಕೂದಲಿದ್ದವು, ಒದ್ದೆಯಾಗಿ ಹಣೆಗೆ ಅಂಟಿಕೊಂಡಿದ್ದವು. ಉಗುರುಗಳು ಅಕ್ಕಿಕಾಳಿನ ಚೂರಿನಷ್ಟು. ಎಡಗಿವಿ ಅಪ್ಪನ ಹಾಗೆ ಮೇಲ್ಗಡೆ ಸ್ವಲ್ಪ ಮಡಚಿತ್ತು. ನರ್ಸು ಅವನನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ತಂದಳು, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅವ್ವನ ಹತ್ತಿರವೇ ಬಿಟ್ಟಿದ್ದಳು. ಅಪ್ಪ ಮನೆಯಿಂದ ವಿಭೂತಿ ತಂದಿದ್ದ, ಇಬ್ಬರೂ ಸೇರಿ ಹಣೆಗೆ ಹಚ್ಚಿದರು. ಕೈ ತಣ್ಣಗಿತ್ತು ಎಂದು ಅವಳು ತನ್ನ ಕೈಯಲ್ಲಿ ಹಿಡಿದುಕೊಂಡಿದ್ದಳು. ಇದರಲ್ಲಿ ನಾನು ಅರ್ಥ ಕೇಳಬೇಕಾದ ಒಂದು ಕನ್ನಡ ಪದವೂ ಇರಲಿಲ್ಲ. ಅವ ಯಾರಂಗ ಇದ್ದ ಎಂದು ಕೇಳಿದೆ. ಅವಳು ನನ್ನ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ನಿನ್ನಂಗ ಇದ್ದ ಎಂದಳು.

ಹೆಸರನ್ನೂ ಹೇಳಿದಳು. ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳಂತೆ, ಅಪ್ಪನಿಗೂ ಹೇಳಿರಲಿಲ್ಲ. ಎರಡು ಸಲ ನನ್ನ ಬಾಯಿಂದ ಹೇಳಿಸಿ, ಉಚ್ಚಾರ ಸರಿಯಾಯಿತು ಎಂದು ಖಾತ್ರಿಯಾದ ಮೇಲೆ ಮಗ್ಗುಲಾಗಿ ಕಣ್ಣು ಮುಚ್ಚಿದಳು. ನಾನು ಪಕ್ಕದಲ್ಲೇ ಕೂತಿದ್ದೆ. ಸಂಜೆ ಅಪ್ಪ ಬರುವವರೆಗೂ ಅವಳು ಎದ್ದಿರಲಿಲ್ಲ. ಅವನು ಬಾಗಿಲಲ್ಲಿ ನಿಂತು ನೋಡಿ, ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ಒಳಗೆ ಬಂದ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅಷ್ಟು ಹೊತ್ತು ನಿದ್ದೆ ಮಾಡಿದ್ದು ಅದೇ ಮೊದಲು ಎಂದು ಆಮೇಲೆ ನನಗೆ ಹೇಳಿದ.